ಬರುವ ಮುನ್ನ, ಬಂದ ಮೇಲೆ: ಅಗ್ರಹಾರದ ಮನೆಗೋಡೆಯಲ್ಲಿ ಕುಟುಂಬ ಸಮಾಗಮದ ಚಿತ್ರ

ಬಹುಕಾಲ ದೂರವಿದ್ದ ಮಗನೋ ತಂದೆಯೋ ಮನೆಗೆ ಮರಳುವ ಗಳಿಗೆ ಯೂರೋಪಿನ ನಿತ್ಯಜೀವನ ಚಿತ್ರಕಾರರಿಗೆ ಬಹಳ ಪ್ರಿಯವಾದ ವಸ್ತು. ಹಳ್ಳಿಮನೆಯ ಒಳಕೋಣೆ, ಒಲೆಯ ಬಳಿ ಮುದುಕಿ, ಮೇಜಿನ ಸುತ್ತ ಮಕ್ಕಳು, ತೆರೆದ ಬಾಗಿಲಲ್ಲಿ ಬಂದು ನಿಂತವನು: ಇಷ್ಟು ಪರಿಕರಗಳಿಂದ ಅವರು ನೂರಾರು ಚಿತ್ರಗಳನ್ನು ಕಟ್ಟಿದರು. ಮೈಸೂರಿನಲ್ಲಿ ಎರಡು ಶತಮಾನಗಳಿಂದ ಚಿತ್ರಕಲೆ ಎಡೆಬಿಡದೆ ನಡೆದುಬಂದಿದೆ. ಅರಮನೆಯ ಆಶ್ರಯವಿತ್ತು, ಕಲಾಶಾಲೆಯಿತ್ತು, ದಸರಾ ವಸ್ತುಪ್ರದರ್ಶನವಿತ್ತು. ಆದರೂ ಇಲ್ಲಿನ ಪ್ರಸಿದ್ಧ ಚಿತ್ರಗಳ ಸಾಲಿನಲ್ಲಿ ಗೃಹಸ್ಥರ ಮನೆಯೊಂದರ ಪುನರ್ಮಿಲನದ ದೃಶ್ಯ ಎದ್ದು ಕಾಣುವುದಿಲ್ಲ. ಕುಟುಂಬ ಕೂಡಿಬರುವುದನ್ನು ಮೈಸೂರಿನ ಕಣ್ಣು ಯಾವ ಚಿತ್ರದಲ್ಲಿ ಕಂಡುಕೊಂಡಿತು ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಅರಮನೆಯ ದಕ್ಷಿಣಕ್ಕಿರುವ ಅಗ್ರಹಾರವನ್ನು ಕೇಂದ್ರವಾಗಿಟ್ಟುಕೊಂಡು ಇದನ್ನು ಪರಿಶೀಲಿಸಿದ್ದೇನೆ.

1. ಸ್ಥಳ

ನೂರೊಂದು ಗಣಪತಿ ದೇವಸ್ಥಾನ, ವಾಣಿವಿಲಾಸ ಮಾರುಕಟ್ಟೆ, ರಾಮಾನುಜ ರಸ್ತೆ, ತ್ಯಾಗರಾಜ ರಸ್ತೆ: ಅಗ್ರಹಾರವೆಂದರೆ ಇಂದಿನ ಮೈಸೂರಿಗರ ಮನಸ್ಸಿಗೆ ಬರುವ ಗುರುತುಗಳು ಇವು. ಇಲ್ಲಿನ ಹಳೆಯ ಮನೆಗಳ ಕ್ರಮ ಹಳೇ ಮೈಸೂರು ಸೀಮೆಯ ಹಳ್ಳಿಮನೆಗಳ ಕ್ರಮವೇ. ಬೀದಿಗೆ ಅಂಟಿಕೊಂಡ ಜಗಲಿ, ದಾಟಿದರೆ ಪಡಸಾಲೆ, ಆಮೇಲೆ ನಡುಮನೆ, ಅಡುಗೆಮನೆ, ದೇವರ ಕೋಣೆ, ಕೊನೆಗೆ ಹಿತ್ತಲು. ಪಟ್ಟಣದ ನಡುವೆ ಇದ್ದರೂ ಬಹುಪಾಲು ಕುಟುಂಬಗಳ ಬೇರು ಒಂದಲ್ಲ ಒಂದು ಹಳ್ಳಿಯಲ್ಲಿತ್ತು. ಹಬ್ಬಕ್ಕೆ, ಮದುವೆಗೆ, ಹೆರಿಗೆಗೆ ಊರಿನವರು ಬರುವುದು, ಇಲ್ಲಿಯವರು ಊರಿಗೆ ಹೋಗುವುದು ವರ್ಷವಿಡೀ ನಡೆದಿರುತ್ತಿತ್ತು. ದಸರೆಗಂತೂ ನೆಂಟರಿಲ್ಲದ ಮನೆ ಇರುತ್ತಿರಲಿಲ್ಲ.

ಬಂದವರನ್ನು ಕಾಣುವ ರೀತಿಗೂ ಈ ಮನೆಯ ರಚನೆಗೂ ಸಂಬಂಧವಿದೆ. ಬಂದವರು ಕಾಲು ತೊಳೆದು ಒಳಗೆ ಬರಬೇಕು, ಹಿರಿಯರಿಗೆ ನಮಸ್ಕರಿಸಬೇಕು, ಆಮೇಲೆ ಕೂರಬೇಕು. ಗಂಡ ಹೆಂಡತಿ ಹಿರಿಯರ ಎದುರು ಮಾತಾಡಿಸಿಕೊಳ್ಳುವುದೂ ಕಡಿಮೆ. ಅಪ್ಪ ತನ್ನ ತಂದೆಯ ಮುಂದೆ ಮಗುವನ್ನು ಎತ್ತಿ ಮುದ್ದಾಡುವುದೂ ಅಪರೂಪ. ಪ್ರೀತಿ ತೋರುತ್ತಿದ್ದುದು ಬಡಿಸಿದ ಎಲೆಯಲ್ಲಿ, ಹಾಸಿದ ಚಾಪೆಯಲ್ಲಿ, ಹೊರಡುವಾಗ ಕೈಗಿಟ್ಟ ಗಂಟಿನಲ್ಲಿ. ಬಾಗಿಲಲ್ಲೇ ಅಪ್ಪಿಕೊಂಡು ಅಳುವ ದೃಶ್ಯ ಈ ಮನೆಯ ನಡವಳಿಕೆಗೆ ಒಗ್ಗುವಂಥದ್ದಲ್ಲ. ಚಿತ್ರಕಾರ ಬರೆಯದೆ ಬಿಟ್ಟದ್ದಕ್ಕೆ ಇದು ಮೊದಲ ಕಾರಣ.

2. ದೇವರ ಕೋಣೆಯ ಪಟ್ಟಾಭಿಷೇಕ

ಕುಟುಂಬ ಸಮಾಗಮದ ಚಿತ್ರ ಇಂಥ ಮನೆಗಳಲ್ಲಿ ಇರಲಿಲ್ಲವೆಂದರೆ ತಪ್ಪಾದೀತು. ಅದು ದೇವರ ಕೋಣೆಯಲ್ಲಿತ್ತು. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯಲ್ಲಿ ಅತಿ ಹೆಚ್ಚು ಬರೆಯಲ್ಪಟ್ಟ ವಸ್ತುಗಳಲ್ಲಿ ಶ್ರೀರಾಮ ಪಟ್ಟಾಭಿಷೇಕ ಒಂದು. ನಾವು ಅದನ್ನು ಭಕ್ತಿಯ ಚಿತ್ರವೆಂದಷ್ಟೇ ನೋಡುತ್ತೇವೆ. ಕಥೆಯ ದೃಷ್ಟಿಯಿಂದ ನೋಡಿದರೆ ಅದು ಹದಿನಾಲ್ಕು ವರ್ಷ ಚದುರಿಹೋಗಿದ್ದ ಒಂದು ಮನೆತನ ಮತ್ತೆ ಒಂದೆಡೆ ಕೂಡಿದ ಚಿತ್ರ.

ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಕಾಲದಲ್ಲಿ ಈ ಶೈಲಿ ತನ್ನ ಪೂರ್ಣ ರೂಪಕ್ಕೆ ಬಂತು. ಅದರ ಕೆಲಸದ ಕ್ರಮವನ್ನು ಹತ್ತಿರದಿಂದ ನೋಡಬೇಕು. ಹುಣಸೆ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ಮೊದಲ ರೇಖೆ. ಸೂಕ್ಷ್ಮ ಕೆಲಸಕ್ಕೆ ಅಳಿಲಿನ ಕೂದಲ ಕುಂಚ. ಸಿಂಹಾಸನ, ಕಮಾನು, ಒಡವೆ, ಜರಿಯಂಚುಗಳನ್ನು ಎಬ್ಬಿಸುವುದು ಮಕ್ಕಿ ಸಫೇದದಿಂದ. ಬಿಳಿಯ ಪುಡಿ, ಹಳದಿ ಮಕ್ಕಿ, ಅಂಟು ಸೇರಿದ ಈ ಲೇಪವನ್ನು ಕುಂಚದ ತುದಿಯಿಂದ ಎಳೆಎಳೆಯಾಗಿ ಇಳಿಸುತ್ತಾರೆ. ಅದರ ಮೇಲೆ ತೆಳುವಾದ ಚಿನ್ನದ ರೇಕು. ಒಣಗಿದ ಮೇಲೆ ತೆಳುಕಾಗದ ಹೊದಿಸಿ ನುಣುಪಾದ ಕಲ್ಲಿನಿಂದ ಉಜ್ಜುತ್ತಾರೆ. ತಂಜಾವೂರು ಚಿತ್ರದಲ್ಲಿ ಉಬ್ಬು ಎತ್ತರ, ಕಲ್ಲುಗಳ ಮೆರುಗು ಹೆಚ್ಚು. ಮೈಸೂರು ಚಿತ್ರದಲ್ಲಿ ಉಬ್ಬು ತೀರ ತೆಳು. ಎದುರಿಗೆ ನಿಂತಾಗ ಚಪ್ಪಟೆಯಾಗಿ ಕಾಣುವ ಸಿಂಹಾಸನದ ಹೂಬಳ್ಳಿ, ಪಕ್ಕದಿಂದ ದೀಪದ ಬೆಳಕು ಬಿದ್ದಾಗ ಮಾತ್ರ ಮೇಲೆದ್ದು ನಿಲ್ಲುತ್ತದೆ. ದೇವರ ಕೋಣೆಯ ಎಣ್ಣೆದೀಪಕ್ಕೆ ಹೇಳಿ ಮಾಡಿಸಿದ ಕೆಲಸ ಅದು.

ಈಗ ಚಿತ್ರದಲ್ಲಿ ಯಾರು ಎಲ್ಲಿದ್ದಾರೆಂದು ನೋಡೋಣ. ನಡುವೆ ರಾಮ ಸೀತೆ. ಅಕ್ಕಪಕ್ಕದಲ್ಲಿ ಮೂವರು ತಮ್ಮಂದಿರು, ಕೊಡೆ ಚಾಮರ ಹಿಡಿದು. ಕಾಲ ಬಳಿ ಹನುಮಂತ. ಸುತ್ತ ವಸಿಷ್ಠಾದಿಗಳು, ಸುಗ್ರೀವ, ವಿಭೀಷಣ, ಜಾಂಬವಂತ. ವಾಲ್ಮೀಕಿಯ ಯುದ್ಧಕಾಂಡದಲ್ಲಿ ಬಿಳಿಯ ಕೊಡೆ ಹಿಡಿದವನು ಶತ್ರುಘ್ನ. ಚಾಮರ ಬೀಸಿದವರು ಸುಗ್ರೀವ ಮತ್ತು ವಿಭೀಷಣ. ಚಿತ್ರಕಾರರು ಈ ಸೇವೆಗಳನ್ನು ಅನೇಕ ಕಡೆ ತಮ್ಮಂದಿರಿಗೇ ಹಂಚಿದ್ದಾರೆ. ಹೊರಗಿನವರು ಮಾಡಿದ ಸೇವೆಯನ್ನು ಒಡಹುಟ್ಟಿದವರ ಕೈಗೆ ಕೊಟ್ಟಾಗ ರಾಜಸಭೆಯ ಚಿತ್ರ ಅಣ್ಣತಮ್ಮಂದಿರ ಚಿತ್ರವಾಗುತ್ತದೆ. ಒಟ್ಟು ಕುಟುಂಬದ ಮನೆಗೆ ಬೇಕಿದ್ದುದು ಇದೇ ಚಿತ್ರ.

ಇನ್ನೂ ಮುಖ್ಯವಾದದ್ದು ಚಿತ್ರದಲ್ಲಿ ಇಲ್ಲದವರ ವಿಷಯ. ಅದೇ ಯುದ್ಧಕಾಂಡದಲ್ಲಿ ನಿಜವಾದ ಭೇಟಿ ನಡೆಯುವುದು ಅಯೋಧ್ಯೆಯ ಸಿಂಹಾಸನದ ಬಳಿ ಅಲ್ಲ, ನಂದಿಗ್ರಾಮದಲ್ಲಿ. ಸುದ್ದಿ ಹೇಳಲು ಹನುಮಂತ ಮುಂದಾಗಿ ಹೋಗುತ್ತಾನೆ. ಜಡೆಗಟ್ಟಿದ ಕೂದಲ, ನಾರುಬಟ್ಟೆಯ ಭರತ ಎದುರುಗೊಳ್ಳುತ್ತಾನೆ. ಕೌಸಲ್ಯೆಯನ್ನು ಮುಂದಿಟ್ಟುಕೊಂಡು ದಶರಥನ ರಾಣಿಯರು ಅಲ್ಲಿಗೆ ಬರುತ್ತಾರೆ. ದುಃಖದಿಂದ ಬಣ್ಣಗೆಟ್ಟ ತಾಯಿಯ ಪಾದಗಳನ್ನು ರಾಮ ಹಿಡಿಯುತ್ತಾನೆ. ಭರತ ಪಾದುಕೆಗಳನ್ನು ತಾನೇ ತಂದು ಅಣ್ಣನ ಕಾಲಿಗೆ ತೊಡಿಸುತ್ತಾನೆ. ಕಥೆಯ ಕಣ್ಣೀರೆಲ್ಲ ಇಲ್ಲಿದೆ. ಪಟ್ಟಾಭಿಷೇಕ ಚಿತ್ರದ ಸಾಮಾನ್ಯ ಮಾದರಿಯಲ್ಲಿ ಈ ತಾಯಂದಿರಿಗೆ ಜಾಗವಿಲ್ಲ. ಕೆಲವು ದೊಡ್ಡ ಚಿತ್ರಗಳಲ್ಲಿ ಪರಿವಾರ ವಿಸ್ತಾರವಾಗಿರುವುದುಂಟು. ಆದರೆ ಮನೆಗಳಿಗೆ ಇಳಿದುಬಂದ ಮಾದರಿ ಅಣ್ಣತಮ್ಮಂದಿರದ್ದು. ಅಪ್ಪುಗೆ ಮುಗಿದಿದೆ, ಕಣ್ಣೀರು ಒಣಗಿದೆ, ಎಲ್ಲರೂ ತಂತಮ್ಮ ಸ್ಥಾನದಲ್ಲಿ ನಿಂತಿದ್ದಾರೆ. ಮೈಸೂರು ಚಿತ್ರಕಾರ ಆರಿಸಿಕೊಂಡದ್ದು ಸಮಾಗಮ ಆದ ಮೇಲಿನ ಸ್ಥಿತಿಯನ್ನು.

3. ರವಿವರ್ಮ: ಚೌಕಟ್ಟಿನಾಚೆಯ ಅಪ್ಪ

ಎಣ್ಣೆಬಣ್ಣದ ವಾಸ್ತವ ಶೈಲಿ ಮೈಸೂರಿಗೆ ಬಂದಾಗ ಈ ಆಯ್ಕೆ ಬದಲಾಯಿತೇ? ರಾಜಾ ರವಿವರ್ಮರಿಗೂ ಮೈಸೂರಿಗೂ ನಿಕಟ ನಂಟು. 1885ರಲ್ಲಿ ಚಾಮರಾಜೇಂದ್ರ ಒಡೆಯರ ಆಹ್ವಾನದ ಮೇಲೆ ಅವರು ಇಲ್ಲಿಗೆ ಬಂದರು. ವಿವಿಧ ಸೀಮೆಗಳ ಹೆಂಗಸರು ಸಂಗೀತಕ್ಕಾಗಿ ಒಟ್ಟುಗೂಡಿದ 1889ರ ಚಿತ್ರ ಜಗನ್ಮೋಹನ ಅರಮನೆಯಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಒಂಬತ್ತು ಪುರಾಣಚಿತ್ರಗಳನ್ನು ಬರೆದದ್ದು ಅವರ ಕೊನೆಯ ವರ್ಷಗಳ ದೊಡ್ಡ ಕೆಲಸ. 1906ರ ಅಕ್ಟೋಬರ್ 2ರಂದು ಅವರು ತೀರಿಕೊಂಡರು.

ಮನೆವಾರ್ತೆಯ ಸಮಾಗಮಕ್ಕೆ ಅತಿ ಹತ್ತಿರ ಬರುವ ಅವರ ಕೃತಿ 1893ರ ‘ದೇರ್ ಕಮ್ಸ್ ಪಾಪಾ’. ಮಾದರಿಯಾದವರು ಅವರ ಮಗಳು ಮಹಾಪ್ರಭಾ ಮತ್ತು ಆಕೆಯ ಮಗು. ಷಿಕಾಗೊದ ವಿಶ್ವ ಪ್ರದರ್ಶನಕ್ಕೆ ಕಳಿಸಿದ ಹತ್ತು ಚಿತ್ರಗಳಲ್ಲಿ ಇದೂ ಒಂದು. ಬಿಳಿಯುಟ್ಟ ಮಲಯಾಳದ ಹೆಣ್ಣು ಮಗುವನ್ನು ಎತ್ತಿಕೊಂಡು ನಿಂತು ಒಂದು ದಿಕ್ಕಿಗೆ ಕೈ ತೋರುತ್ತಿದ್ದಾಳೆ. ಕಾಲ ಬಳಿ ನಿಂತ ನಾಯಿಯ ಮುಖವೂ ಅದೇ ದಿಕ್ಕಿಗೆ ತಿರುಗಿದೆ. ತಾಯಿ ಮಗುವಿಗೆ ತೋರಿಸಿಕೊಡಬೇಕು. ನಾಯಿಗೆ ಯಾರೂ ತೋರಿಸಬೇಕಿಲ್ಲ. ಬರುವವನು ಈ ಮನೆಗೆ ಅಪರಿಚಿತನಲ್ಲ ಎಂಬುದಕ್ಕೆ ಚಿತ್ರಕಾರ ಇಟ್ಟ ಸಾಕ್ಷಿ ಆ ನಾಯಿ. ಆದರೆ ಅಪ್ಪ ಚಿತ್ರದಲ್ಲಿಲ್ಲ. ಚೌಕಟ್ಟು ಅವನು ಬರುವ ಮೊದಲೇ ಮುಗಿಯುತ್ತದೆ.

ಈ ಗೈರಿನ ಹಿಂದೆ ಕಾಲದ ಒತ್ತಡವಿದೆ. ಕೇರಳದ ಮರುಮಕ್ಕತ್ತಾಯವೆಂಬ ತಾಯಿವಳಿ ಕಟ್ಟಿನಲ್ಲಿ ಮಗು ತಾಯಿಯ ತರವಾಡಿಗೆ, ಅಂದರೆ ಆಕೆಯ ಮನೆತನಕ್ಕೆ, ಸೇರಿದ್ದು. ಆಸ್ತಿ, ಅಧಿಕಾರ ಸೋದರಮಾವನ ಕಡೆ. ಅಪ್ಪ ಬಂದುಹೋಗುವವನು. 1891ರಲ್ಲಿ ತಿರುವಾಂಕೂರಿನಲ್ಲಿ ಮಲಯಾಳಿ ಮೆಮೋರಿಯಲ್ ಎಂಬ ಮನವಿ ಸಲ್ಲಿಕೆಯಾಗಿ ಹೊಸ ಮಧ್ಯಮವರ್ಗ ತನ್ನ ದನಿಯೆತ್ತಿತ್ತು; 1896ರಲ್ಲಿ ಮಲಬಾರ್ ವಿವಾಹ ಕಾಯಿದೆ ಬಂತು. ಈ ಎರಡರ ನಡುವೆ ನಿಂತ ಚಿತ್ರದಲ್ಲಿ ತಾಯಿ ತನ್ನ ಮಗುವಿಗೆ ಅಪ್ಪನನ್ನು ತೋರಿಸುತ್ತಿದ್ದಾಳೆ. ವಿದ್ವಾಂಸರು ಇದನ್ನು ಅಪ್ಪನ ಮನೆಯೆಂಬ ಹೊಸ ಕಲ್ಪನೆಯ ಆಗಮನವಾಗಿ ಓದಿರುವುದು ಸರಿಯಾಗಿಯೇ ಇದೆ. ಕನ್ನಡ ಓದುಗರಿಗೆ ಇದು ದೂರದ ಸಂಗತಿಯಲ್ಲ. ಕಾಸರಗೋಡು ಸೇರಿದ ಅಂದಿನ ದಕ್ಷಿಣ ಕನ್ನಡದಲ್ಲಿ ಅಳಿಯಸಂತಾನವೆಂಬ ಇಂಥದೇ ತಾಯಿವಳಿ ಪದ್ಧತಿ ನಡೆದಿತ್ತು. ಮದರಾಸು ಸರ್ಕಾರ ಅದಕ್ಕೆ ಕಾಯಿದೆಯ ಚೌಕಟ್ಟು ಹಾಕಿದ್ದು 1949ರಲ್ಲಿ. ಆ ಭಾಗದವರೊಬ್ಬರು ಈ ಚಿತ್ರ ನೋಡುವುದಕ್ಕೂ ಅಗ್ರಹಾರದ ತಂದೆವಳಿ ಮನೆಯವರು ನೋಡುವುದಕ್ಕೂ ವ್ಯತ್ಯಾಸವಿದೆ. ಇಲ್ಲಿ ಅಪ್ಪ ಮನೆಯ ಯಜಮಾನ. ಬಂದುಹೋಗುವವಳು ಮದುವೆಯಾದ ಮಗಳು. ಗೌರಿ ಹಬ್ಬದ ಬಾಗಿನವೂ ತವರಿನ ಹಾಡುಗಳೂ ಅವಳ ಸುತ್ತಲೇ ಬೆಳೆದದ್ದು ಅದಕ್ಕೇ. ಆ ಮಗಳು ತವರಿನ ಬಾಗಿಲಿಗೆ ಬರುವುದನ್ನು ಹಾಡು ಸಾವಿರ ಸಲ ಹಾಡಿತು. ಕುಂಚ ಅದರ ಒಂದು ಪಾಲನ್ನೂ ಬರೆಯಲಿಲ್ಲ.

ರವಿವರ್ಮರಿಗೆ ಭೇಟಿಯ ಗಳಿಗೆಯನ್ನು ಬರೆಯಲು ಬರುತ್ತಿರಲಿಲ್ಲ ಎನ್ನುವಂತಿಲ್ಲ. ಕೃಷ್ಣ ಬಲರಾಮರು ಸೆರೆಬಿಟ್ಟ ದೇವಕಿ ವಸುದೇವರನ್ನು ಕಾಣುವ ದೃಶ್ಯವನ್ನು ಅವರು ನೇರವಾಗಿಯೇ ಚಿತ್ರಿಸಿದ್ದಾರೆ. ಪುರಾಣದ ಪಾತ್ರಗಳಿಗೆ ಎದುರುಬದುರು ನಿಲ್ಲುವ ಅವಕಾಶ ಸಿಕ್ಕಿತು. ಗೃಹಸ್ಥರಿಗೆ ಸಿಕ್ಕಿದ್ದು ಕೈ ತೋರುವ ಅವಕಾಶ ಮಾತ್ರ.

4. ದೀಪ ಹಿಡಿದವಳು

ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ಜನ ಅತಿ ಹೆಚ್ಚು ಹೊತ್ತು ನಿಲ್ಲುವುದು ಎಸ್. ಎಲ್. ಹಲ್ದಣಕರ್ (1882–1968) ಅವರ ‘ಗ್ಲೋ ಆಫ್ ಹೋಪ್’ ಎದುರು. ಇದನ್ನು ರವಿವರ್ಮರದೆಂದು ಹೇಳುವವರು ಈಗಲೂ ಇದ್ದಾರೆ, ಅದು ತಪ್ಪು. ಎಣ್ಣೆಬಣ್ಣವೆಂದು ತಿಳಿಯುವುದೂ ತಪ್ಪು. ಇದು 1940ರ ದಶಕದ ಜಲವರ್ಣ, ಮಾದರಿ ಚಿತ್ರಕಾರರ ಮಗಳು. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಮರೆ. ಬೆರಳುಗಳ ಸಂದಿನಲ್ಲಿ ಬೆಳಕು ಕೆಂಪಾಗಿ ತೂರಿ ಬರುತ್ತದೆ, ಮುಖ ಮತ್ತು ಸೀರೆಯ ಅಂಚು ಅದರಿಂದ ಬೆಳಗುತ್ತವೆ, ಉಳಿದದ್ದೆಲ್ಲ ಕತ್ತಲೆ. ಜಲವರ್ಣದಲ್ಲಿ ಬೆಳಕು ಎಂದರೆ ಬಣ್ಣ ಹಚ್ಚದೆ ಉಳಿಸಿದ ಕಾಗದ. ಒಮ್ಮೆ ಗಾಢ ಬಣ್ಣ ಹರಿದರೆ ಹಿಂದಕ್ಕೆ ಪಡೆಯಲಾಗದು. ಅಷ್ಟು ಕತ್ತಲೆಯ ನಡುವೆ ಬೆರಳಿನ ಅಂಚನ್ನು ಉಳಿಸಿಕೊಂಡಿರುವುದೇ ಈ ಕೃತಿಯ ಕುಶಲತೆ.

ಪುನರ್ಮಿಲನದ ಪ್ರಶ್ನೆಯಿಂದ ನೋಡಿದಾಗ ಈ ಚಿತ್ರದ ಜನಪ್ರಿಯತೆಗೆ ಒಂದು ವಿವರಣೆ ಸಿಗುತ್ತದೆ. ಸಂಜೆ ದೀಪ ಹಚ್ಚಿ ಬಾಗಿಲ ಕಡೆ ಬರುವ ಹೆಣ್ಣು ಮೈಸೂರಿಗರಿಗೆ ತಮ್ಮ ಮನೆಯವಳೇ. ಅವಳು ಯಾರಿಗಾಗಿ ಕಾದಿದ್ದಾಳೆಂದು ಚಿತ್ರ ಹೇಳುವುದಿಲ್ಲ, ಕಾದಿದ್ದಾಳೆಂದೂ ಹೇಳುವುದಿಲ್ಲ. ನೋಡುವವರು ತಮ್ಮ ಮನೆಯಲ್ಲಿ ಬರಬೇಕಾದವರನ್ನು ಅಲ್ಲಿ ತುಂಬಿಕೊಳ್ಳುತ್ತಾರೆ. ರವಿವರ್ಮರ ತಾಯಿ ದಿಕ್ಕನ್ನಾದರೂ ತೋರಿದಳು. ಇಲ್ಲಿ ಅದೂ ಇಲ್ಲ.

5. ಹೋಲಿಕೆಗೆ ಎರಡು ಚಿತ್ರ

ಫ್ರಾನ್ಸಿನ ಗ್ರೂಜ್ 1778ರಲ್ಲಿ ಬರೆದ, ಈಗ ಲೂವ್ರ್‌ನಲ್ಲಿರುವ ಚಿತ್ರದಲ್ಲಿ ಸೈನ್ಯಕ್ಕೆ ಓಡಿಹೋಗಿದ್ದ ಮಗ ಹಳ್ಳಿಯ ಮನೆಗೆ ಮರಳುತ್ತಾನೆ. ಅಪ್ಪ ಅದಾಗಲೇ ತೀರಿಕೊಂಡಿದ್ದಾನೆ. ತಾಯಿ ಮಂಚದ ಕಡೆ ಕೈ ತೋರುತ್ತಾಳೆ. ರಷ್ಯದ ಇಲ್ಯಾ ರೆಪಿನ್ 1884ರಿಂದ 1888ರವರೆಗೆ ತಿದ್ದುತ್ತ ಹೋದ, ಮಾಸ್ಕೋದ ತ್ರೆತ್ಯಾಕೊವ್ ಗ್ಯಾಲರಿಯ ಚಿತ್ರದಲ್ಲಿ ಗಡಿಪಾರಾಗಿದ್ದವನು ತಿಳಿಸದೆ ಮನೆಯೊಳಗೆ ಬರುತ್ತಾನೆ. ಕಪ್ಪುಡುಗೆಯ ತಾಯಿ ಕುರ್ಚಿಯಿಂದ ಏಳುತ್ತಿದ್ದಾಳೆ, ಹೆಂಡತಿ ಪಿಯಾನೊದ ಬಳಿ ಬೆರಗಾಗಿದ್ದಾಳೆ, ಮಗ ಗುರುತು ಹಿಡಿದಿದ್ದಾನೆ, ಚಿಕ್ಕ ಮಗಳು ಹಿಡಿದಿಲ್ಲ. ಬಂದವನ ಮುಖವನ್ನು ರೆಪಿನ್ ಹಲವು ಸಲ ಅಳಿಸಿ ಬರೆದರು. ಗೋಡೆಯ ಮೇಲೆ ಕವಿಗಳಾದ ಶೆವ್ಚೆಂಕೊ, ನೆಕ್ರಾಸೊವ್ ಅವರ ಭಾವಚಿತ್ರಗಳಿವೆ, ಶಿಲುಬೆಯ ಬೆಟ್ಟದ ಚಿತ್ರವಿದೆ. ಆ ಕುಟುಂಬ ಯಾವ ನಂಬಿಕೆಯಲ್ಲಿ ಈ ವರ್ಷಗಳನ್ನು ಕಳೆಯಿತೆಂಬುದನ್ನು ಗೋಡೆ ಹೇಳುತ್ತದೆ.

ಈ ಇಬ್ಬರಿಗೂ ಬೇಕಾದದ್ದು ಒಬ್ಬೊಬ್ಬರ ಮುಖದಲ್ಲಿ ಬೇರೆಬೇರೆಯಾಗಿ ಮೂಡುವ ಭಾವ. ಮನೆಯ ಪ್ರತಿಯೊಬ್ಬರೂ ಅಲ್ಲಿ ಪ್ರತ್ಯೇಕ ವ್ಯಕ್ತಿ. ಅಗ್ರಹಾರದ ಮನೆಯಲ್ಲಿ ಮುಖ್ಯವಾದದ್ದು ಯಾರ ಸ್ಥಾನ ಎಲ್ಲಿ ಎಂಬುದು. ಆದ್ದರಿಂದ ರೆಪಿನ್ನರ ಕೋಣೆಯಲ್ಲಿ ಗೋಡೆಯ ಚಿತ್ರಗಳು ಸಮಾಗಮಕ್ಕೆ ಟಿಪ್ಪಣಿಯಾದರೆ, ಇಲ್ಲಿ ಗೋಡೆಯ ಚಿತ್ರವೇ ಸಮಾಗಮವಾಯಿತು.

ಅರಮನೆಯ ಚಿತ್ರಗಳೂ ಇದನ್ನೇ ಹೇಳುತ್ತವೆ. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಭಿತ್ತಿಚಿತ್ರಗಳಲ್ಲಿ ಒಡೆಯರ ಸಂತಾನಾಂಬುಜವಿದೆ. ಇಡೀ ವಂಶ ಒಂದು ತಾವರೆಯ ದಳಗಳಲ್ಲಿ ಹಂಚಿಕೊಂಡು ನಿಂತಿದೆ. ಒಬ್ಬರ ಕಾಲದಲ್ಲಿ ಇನ್ನೊಬ್ಬರು ಇರಲಿಲ್ಲ, ಆದರೂ ಎಲ್ಲರೂ ಒಂದೇ ಹೂವಿನಲ್ಲಿದ್ದಾರೆ. ದೊಡ್ಡ ಅರಮನೆಯ ಕಲ್ಯಾಣಮಂಟಪದಲ್ಲಿ 1934ರಿಂದ 1945ರ ನಡುವೆ ವೈ. ಸುಬ್ರಹ್ಮಣ್ಯರಾಜು, ಕೆ. ಕೇಶವಯ್ಯ ಮೊದಲಾದ ಮೈಸೂರಿನ ಚಿತ್ರಕಾರರು ಬರೆದ 26 ದಸರಾ ಚಿತ್ರಗಳು ಛಾಯಾಚಿತ್ರಗಳನ್ನು ಆಧರಿಸಿದವು. ಅಲ್ಲಿಯ ಮುಖಗಳು ನಿಜ ವ್ಯಕ್ತಿಗಳದ್ದು. ಆದರೂ ಅವರು ಚಿತ್ರದಲ್ಲಿರುವುದು ಮೆರವಣಿಗೆಯಲ್ಲಿನ ತಮ್ಮ ಜಾಗದಿಂದಾಗಿ.

6. ಹೆಂಗಸರು ಕಟ್ಟಿದ ದೃಶ್ಯ

ಹಳ್ಳಿಮನೆಯ ನಿತ್ಯಜೀವನದ ಚಿತ್ರ ಅಗ್ರಹಾರದಲ್ಲಿ ಬೇರೊಂದು ರೂಪದಲ್ಲಿ ಬೆಳೆಯಿತು. ಅದು ನವರಾತ್ರಿಯ ಗೊಂಬೆ ಹಬ್ಬ. ಮೆಟ್ಟಿಲುಗಳ ಮೇಲ್ಸಾಲಿನಲ್ಲಿ ಪಟ್ಟದ ಗೊಂಬೆ. ಮದುವೆಯಲ್ಲಿ ತವರಿನಿಂದ ಬಂದ ಮರದ ರಾಜ ರಾಣಿ. ಕೆಳಗೆ ದಶಾವತಾರ, ರಾಮಾಯಣ. ನೆಲದ ಮೇಲೆ ಮಾತ್ರ ಮನೆಯವರ ಸ್ವಂತ ಕಲ್ಪನೆ: ರಾಗಿಯ ಮೊಳಕೆಯ ಹೊಲ, ಬಾವಿ, ಎತ್ತಿನ ಗಾಡಿ, ಬೀಸುವ ಕಲ್ಲಿನ ಹೆಂಗಸು, ಅಂಗಡಿಯ ಶೆಟ್ಟರು, ಮದುವೆಯ ದಿಬ್ಬಣ. ಪಟ್ಟಣದ ಮನೆಯವರು ತಮ್ಮ ಹಳ್ಳಿಯನ್ನು ವರ್ಷಕ್ಕೊಮ್ಮೆ ನಡುಮನೆಯಲ್ಲಿ ಕಟ್ಟಿಕೊಳ್ಳುತ್ತಿದ್ದರು. ದಿಬ್ಬಣ ಬರುತ್ತಿದೆ, ಗಾಡಿ ಬರುತ್ತಿದೆ. ಇಲ್ಲಿಯೂ ಬರುವಿಕೆಗೇ ಒತ್ತು. ವ್ಯತ್ಯಾಸವೆಂದರೆ ಇದರ ಕರ್ತೃಗಳು ಮನೆಯ ಹೆಂಗಸರು, ಮತ್ತು ಪಟ್ಟದ ಗೊಂಬೆ ಪೆಟ್ಟಿಗೆಯಿಂದ ಹೊರಬಂದಾಗ ಅತ್ತೆಯ ತವರು, ಸೊಸೆಯ ತವರು ಎರಡೂ ಒಂದೇ ಮೆಟ್ಟಿಲಿನ ಮೇಲೆ ಪಕ್ಕಪಕ್ಕ ಕೂಡುತ್ತಿದ್ದವು. ಪಟ್ಟಾಭಿಷೇಕದ ಚಿತ್ರ ಬಿಟ್ಟ ತಾಯಿಮಕ್ಕಳ ಬಾಂಧವ್ಯ ಇಲ್ಲಿ ಜಾಗ ಪಡೆಯಿತು. ಸಂಜೆ ಗೊಂಬೆ ನೋಡಲು ಬಂದ ಮಕ್ಕಳಿಗೆ ಗೊಂಬೆ ಬಾಗಿನ ಕೊಡುವಾಗ ಚಿತ್ರವೂ ಸಮಾಗಮವೂ ಒಂದೇ ಕೋಣೆಯಲ್ಲಿ ನಡೆಯುತ್ತಿತ್ತು. ಕಲೆಯ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದ ಸ್ಥಾನ ಸಿಕ್ಕಿಲ್ಲ.

ಕೊನೆಯದಾಗಿ ಗ್ರೂಪ್ ಫೋಟೊ. ಮದುವೆಯ ದಿನ ತೆಗೆಸಿದ ಹಳೆಯ ಕುಟುಂಬ ಚಿತ್ರವನ್ನು ಪಟ್ಟಾಭಿಷೇಕದ ಪಕ್ಕದಲ್ಲಿಟ್ಟು ನೋಡಬೇಕು. ನಡುವೆ ಕುರ್ಚಿಯಲ್ಲಿ ಹಿರಿಯ ದಂಪತಿ, ಹಿಂದೆ ನಿಂತ ಗಂಡುಮಕ್ಕಳು, ಪಕ್ಕದಲ್ಲಿ ಸೊಸೆಯಂದಿರು, ಕೆಳಗೆ ಜಮಖಾನದ ಮೇಲೆ ಮಕ್ಕಳು. ನಗುವವರಿಲ್ಲ, ಒಬ್ಬರನ್ನೊಬ್ಬರು ನೋಡುವವರಿಲ್ಲ, ಎಲ್ಲರ ಕಣ್ಣೂ ಎದುರಿಗೆ. ಛಾಯಾಗ್ರಾಹಕರ ಸ್ಟುಡಿಯೊ ರೂಢಿಯ ಪಾಲು ಇದರಲ್ಲಿದೆ. ಆದರೆ ಆ ರೂಢಿ ಇಷ್ಟು ಸಲೀಸಾಗಿ ಮನೆಗಳಿಗೆ ಒಗ್ಗಿದ್ದಕ್ಕೆ, ಆ ಜೋಡಣೆ ದೇವರ ಕೋಣೆಯಲ್ಲಿ ದಿನವೂ ಕಂಡದ್ದಾಗಿತ್ತೆಂಬುದು ಕಾರಣವೆಂದು ನಾನು ಭಾವಿಸುತ್ತೇನೆ. ತಾಯಂದಿರಿಗೆ ಇಲ್ಲಿ ಕುರ್ಚಿ ಸಿಕ್ಕಿತು ಎಂಬುದು ಸಣ್ಣ ಬದಲಾವಣೆಯಲ್ಲ.

7. ತೀರ್ಮಾನ

ಮೇಲಿನ ಸಾಕ್ಷ್ಯಗಳಿಂದ ಹೇಳಬಹುದಾದದ್ದು ಇಷ್ಟು. ಮೈಸೂರಿನ ಕಣ್ಣಿಗೆ ಪರಿಚಿತವಾದ ಚಿತ್ರಗಳಲ್ಲಿ ಕುಟುಂಬದ ಸಮಾಗಮ ಎರಡು ಹೊತ್ತಿನಲ್ಲಿ ಕಾಣಿಸಿಕೊಂಡಿದೆ: ಬರುವ ಮುನ್ನಿನ ನಿರೀಕ್ಷೆಯಲ್ಲಿ, ಬಂದ ಮೇಲಿನ ವ್ಯವಸ್ಥೆಯಲ್ಲಿ. ನಡುವಿನ ಗಳಿಗೆ ಮನೆಯೊಳಗಿನ ಸಂಗತಿಯಾಗಿ ಉಳಿಯಿತು. ಇದನ್ನು ಕೊರತೆಯೆಂದು ಎಣಿಸುವುದು ಯೂರೋಪಿನ ಅಳತೆಗೋಲನ್ನು ಇಲ್ಲಿಗೆ ತಂದಂತೆ. ಆ ಗಳಿಗೆಯನ್ನು ಹಾಡಿಗೆ ಬಿಟ್ಟು, ಸ್ಥಾನಮರ್ಯಾದೆಯನ್ನು ಕುಂಚ ವಹಿಸಿಕೊಂಡಿತು. ಆ ಮರ್ಯಾದೆಯ ಕ್ರಮದಲ್ಲಿ ಯಾರಿಗೆ ಜಾಗ ಸಿಗಲಿಲ್ಲ ಎಂಬುದನ್ನೂ ಚಿತ್ರಗಳೇ ಹೇಳುತ್ತವೆ. ಚಿನ್ನದ ರೇಕಿನ ಪಟ ಎಲ್ಲರ ಮನೆಗೂ ಬರುವಂಥದ್ದಲ್ಲವೆಂಬುದನ್ನೂ ಮರೆಯಬಾರದು. 1894ರಲ್ಲಿ ರವಿವರ್ಮರ ಮುದ್ರಣಾಲಯ ಮುಂಬಯಿಯಲ್ಲಿ ಶುರುವಾಗಿ ಅಚ್ಚಿನ ದೇವರಪಟಗಳು ಅಗ್ಗವಾಗಿ ಹರಡಿದ ಮೇಲೆಯೇ ಈ ನೋಟ ಎಲ್ಲ ಕೇರಿಗಳದ್ದಾಯಿತು.

ಹಳೆಯ ಮನೆಗಳು ಒಂದೊಂದಾಗಿ ಹೋಗುತ್ತಿವೆ. ಪಟಗಳು ವ್ಯಾಪಾರಿಗಳ ಕೈಗೆ ದಾಟಿದರೆ ಬೆಲೆ ಉಳಿಯುತ್ತದೆ, ಅವು ಯಾವ ಗೋಡೆಯಲ್ಲಿ ಯಾರ ಎದುರು ಇದ್ದವೆಂಬುದು ಉಳಿಯುವುದಿಲ್ಲ. ಅಗ್ರಹಾರದ ಮನೆಯವರಲ್ಲಿ ನನ್ನ ವಿನಂತಿ ಇದು: ಪಟವನ್ನು ಗೋಡೆಯಿಂದ ಇಳಿಸುವ ಮೊದಲು ಅದು ಇದ್ದ ಜಾಗದಲ್ಲೇ ಒಂದು ಫೋಟೊ ತೆಗೆದಿಡಿ. ಅದನ್ನು ತಂದವರು, ಬರೆಸಿದವರು ಯಾರೆಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಪಟ್ಟದ ಗೊಂಬೆ ಯಾವ ಊರಿನ ತವರಿನಿಂದ ಬಂತೆಂದು ಪೆಟ್ಟಿಗೆಯಲ್ಲಿ ಚೀಟಿ ಇಡಿ. ಗ್ರೂಪ್ ಫೋಟೊದ ಹಿಂದೆ ನಿಂತವರ, ಕೂತವರ ಹೆಸರನ್ನು ಸಾಲಾಗಿ ಬರೆಯಿರಿ, ಹೆಂಗಸರ ಹೆಸರನ್ನೂ ಸೇರಿಸಿ. ನಗರದ ಕಲಾಶಾಲೆಯ ವಿದ್ಯಾರ್ಥಿಗಳು ಈ ಕೆಲಸಕ್ಕೆ ಕೈಜೋಡಿಸಿದರೆ ಮೈಸೂರಿನ ಮನೆಗೋಡೆಗಳ ಚರಿತ್ರೆಯನ್ನು ಬರೆಯಲು ಇನ್ನೂ ಕಾಲವಿದೆ.